ಏಸ್ 300ಐ, ಇಕ್ವಿನಾಕ್ಸ್ 800: ಎರಡು ಡಿಟೆಕ್ಟರ್, ಒಂದೇ ಹೊಲ

ಹೊಲಗಳಲ್ಲಿ ಹಳೆಯ ನಾಣ್ಯ ಹುಡುಕುವುದು ನನ್ನ ಹವ್ಯಾಸ. ಹೊಸ ಮೆಟಲ್ ಡಿಟೆಕ್ಟರ್ ತಂದ ಮೊದಲ ಆರು ವಾರ, ಹಳೆಯದರಲ್ಲಿ ಸಿಗುತ್ತಿದ್ದಷ್ಟೂ ನನಗೆ ಸಿಗಲಿಲ್ಲ. ಸುಮಾರು ಮೂರು ಪಟ್ಟು ಬೆಲೆ ಕೊಟ್ಟು ತಂದದ್ದು. ಇಂಗ್ಲೆಂಡಿನ ಸಫೋಕ್‌ನ ಅದೇ ಗೋಧಿ ಹೊಲ, ಅದೇ ಕೂಳೆ, ಅದೇ ಭಾನುವಾರದ ಬೆಳಗು. ಸಂಜೆ ಮನೆಗೆ ಬಂದು ಚೀಲ ಸುರಿದರೆ ಮೊಳೆ, ಅಲ್ಯೂಮಿನಿಯಂ ಚೂರು, ಬಂದೂಕಿನ ಕಾರ್ಟ್ರಿಜ್‌ನ ಹಿತ್ತಾಳೆ ತಳ. ಹೆಂಡತಿ ಏನೂ ಕೇಳಲಿಲ್ಲ, ಆದರೂ ನನಗೆ ಒಳಗೊಳಗೇ ಕಸಿವಿಸಿ. ಆಗ ತೀರ್ಮಾನಿಸಿದೆ: ಎರಡನ್ನೂ ಒಂದೇ ಹೊಲದಲ್ಲಿ, ಒಂದೇ ಜಾಗದಲ್ಲಿ, ಒಂದರ ಹಿಂದೆ ಒಂದು ಓಡಿಸಿ ನೋಡಬೇಕು. ಒಂದು ಕೊಯ್ಲಿನಿಂದ ಇನ್ನೊಂದು ಬಿತ್ತನೆಯವರೆಗೆ ಹಾಗೆ ಮಾಡಿದ್ದರಿಂದ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಗ್ಲೆಂಡಿನಲ್ಲಿರುವ ನಮ್ಮವರು ಕೆಲವರು ಈಚೆಗೆ ಈ ಹವ್ಯಾಸಕ್ಕೆ ಬರುತ್ತಿದ್ದಾರೆ, ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: ಯಾವುದು ತಗೊಳ್ಳಲಿ?

ಹಳೆಯದು ಗ್ಯಾರೆಟ್ ಏಸ್ 300ಐ. 8 ಕಿಲೋಹರ್ಟ್ಜ್‌ನ ಒಂದೇ ಫ್ರೀಕ್ವೆನ್ಸಿ, 7 x 10 ಇಂಚಿನ ಕಾಯಿಲ್ (ನೆಲದ ಮೇಲೆ ಬೀಸುವ ತಟ್ಟೆ), ನಾಲ್ಕು ಎಎ ಸೆಲ್. ಸೆನ್ಸಿಟಿವಿಟಿಗೆ ಎಂಟು ಮೆಟ್ಟಿಲು, ಲೋಹಕ್ಕೆ ಮೂರು ಸ್ವರ, ತೆರೆಯ ಮೇಲೆ 0ಯಿಂದ 99ರ ನಡುವೆ ಒಂದು ಸಂಖ್ಯೆ. ಮಣ್ಣಿನ ಖನಿಜದ ಸದ್ದನ್ನು ಕಳೆಯುವ ಗ್ರೌಂಡ್ ಬ್ಯಾಲೆನ್ಸ್ ಕಾರ್ಖಾನೆಯಲ್ಲೇ ಕೂರಿಸಿ ಕೊಟ್ಟಿರುತ್ತಾರೆ, ನಾವು ಮುಟ್ಟುವ ಹಾಗಿಲ್ಲ. ಹೊಸದು ಮೈನ್‌ಲ್ಯಾಬ್ ಇಕ್ವಿನಾಕ್ಸ್ 800. 2018ರಲ್ಲಿ ಮಾರುಕಟ್ಟೆಗೆ ಬಂದದ್ದು. ಹಲವು ಫ್ರೀಕ್ವೆನ್ಸಿಗಳನ್ನು ಒಟ್ಟಿಗೇ ಕಳಿಸುವ ಮಲ್ಟಿ-ಐಕ್ಯೂ ಅದರ ಹೆಗ್ಗಳಿಕೆ. 11 ಇಂಚಿನ ಡಬಲ್-ಡಿ (ಒಳಗೆ ಎರಡು D ಆಕಾರದ ಸುರುಳಿ ಇರುವ) ಕಾಯಿಲ್, ಮೂರು ಮೀಟರ್ ನೀರಿನೊಳಗೂ ಕೆಲಸ ಮಾಡುತ್ತದೆ, ಸಂಖ್ಯೆ ಮೈನಸ್ 9ರಿಂದ 40ರವರೆಗೆ. ಸೊನ್ನೆಯೂ ಅದಕ್ಕಿಂತ ಕೆಳಗಿನದೂ ಕಬ್ಬಿಣ. ತೂಕ ಎರಡಕ್ಕೂ ಹೆಚ್ಚುಕಡಿಮೆ ಒಂದೇ, 1.3 ಕಿಲೋ ಆಸುಪಾಸು.

ಏಸ್ ಎರಡೇ ಭಾನುವಾರದಲ್ಲಿ ಕೈಗೆ ಒಗ್ಗಿತ್ತು. ಅದರ ಶಬ್ದಕೋಶ ಸಣ್ಣದು. ತಗ್ಗಿನ ಸ್ವರ ಬಂದರೆ ಕಬ್ಬಿಣ, ನಡುವಿನದು ಬಂದರೆ ಅನುಮಾನ, ಗಂಟೆಯಂಥ ಎತ್ತರದ ಸ್ವರ ಬಂದರೆ ಸನಿಕೆ ಊರು. ವಿಕ್ಟೋರಿಯಾ ಕಾಲದ ದೊಡ್ಡ ಕಂಚಿನ ಪೆನ್ನಿ, 31 ಮಿಲಿಮೀಟರ್ ಅಗಲದ್ದು, ಎಂಬತ್ತರ ಮೇಲೆ ಖಣೀರನೆ ಕೂಗುತ್ತಿತ್ತು. ಅಂಥದ್ದು ಹತ್ತಾರು ಸಿಕ್ಕವು. ಹೊಸಬರಿಗೆ ಇದು ದೊಡ್ಡ ಧೈರ್ಯ. ಇಕ್ವಿನಾಕ್ಸ್ ಹಾಗಲ್ಲ. ಪಾರ್ಕ್, ಫೀಲ್ಡ್, ಬೀಚ್, ಗೋಲ್ಡ್ ಎಂದು ಮೋಡ್‌ಗಳು, ಪ್ರತಿಯೊಂದಕ್ಕೂ ಎರಡೆರಡು ಬಗೆ, ಫೀಲ್ಡ್ 2ರಲ್ಲಿ ಐವತ್ತು ಸ್ವರ. ಒಂದು ವಸ್ತುವಿನಿಂದ ಇನ್ನೊಂದಕ್ಕೆ ಎಷ್ಟು ಬೇಗ ತಿರುಗಬೇಕೆಂಬ ರಿಕವರಿ ಸ್ಪೀಡ್ ಬೇರೆ, ಕಬ್ಬಿಣವನ್ನು ಎಷ್ಟು ಕಡೆಗಣಿಸಬೇಕೆಂಬ ಬಯಾಸ್ ಬೇರೆ. ಮೊದಲ ದಿನವೇ ನಾನು ಎಲ್ಲವನ್ನೂ ತಿರುವಿದೆ. ಸೆನ್ಸಿಟಿವಿಟಿಯನ್ನು 25ಕ್ಕೆ, ಅಂದರೆ ತುತ್ತತುದಿಗೆ ಏರಿಸಿದೆ. ಹೊಲದ ಅಂಚಿನಲ್ಲಿ ವಿದ್ಯುತ್ ತಂತಿ ಹಾದುಹೋಗಿತ್ತು. ಹೆಡ್‌ಫೋನಿನಲ್ಲಿ ಜೀರುಂಡೆಯ ಕಾಡೇ ಎದ್ದಂತಾಯಿತು. ನಾಯ್ಸ್ ಕ್ಯಾನ್ಸಲ್ ಶುರುಮಾಡಿ, ಕಾಯಿಲ್ ಅಲ್ಲಾಡಿಸದೆ ಕೆಲವು ಸೆಕೆಂಡ್ ನಿಂತಿದ್ದರೆ ಅದು ಗದ್ದಲ ಕಡಿಮೆ ಇರುವ ಚಾನೆಲ್ಲನ್ನು ತಾನೇ ಹುಡುಕಿಕೊಳ್ಳುತ್ತಿತ್ತು. ಕೈಪಿಡಿಯಲ್ಲಿ ಇದೆ, ನಾನು ಓದಿರಲಿಲ್ಲ. ತಪ್ಪು ಪೂರ್ತಿ ನನ್ನದು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಾಯಿಲ್ಲಿನ ಒಂದು ಸುರುಳಿ ನೆಲಕ್ಕೆ ಕಾಂತಕ್ಷೇತ್ರ ಬಿಡುತ್ತದೆ. ಅಡಿಯಲ್ಲಿ ಲೋಹವಿದ್ದರೆ ಅದರಲ್ಲಿ ಸಣ್ಣ ಸುಳಿ ವಿದ್ಯುತ್ ಹುಟ್ಟುತ್ತದೆ, ಆ ಸುಳಿ ತನ್ನದೇ ಕ್ಷೇತ್ರವನ್ನು ತಿರುಗಿ ಎಬ್ಬಿಸುತ್ತದೆ. ಇನ್ನೊಂದು ಸುರುಳಿ ಅದನ್ನು ಹಿಡಿದು, ಉತ್ತರ ಎಷ್ಟು ತಡವಾಗಿ ಬಂತು ಎಂದು ಅಳೆಯುತ್ತದೆ. ತೆರೆಯ ಮೇಲಿನ ಸಂಖ್ಯೆ ಆ ತಡದ ಲೆಕ್ಕ. ಲೋಹದ ಹೆಸರು ಯಂತ್ರಕ್ಕೆ ಗೊತ್ತಿಲ್ಲ. ದೊಡ್ಡ ಬೆಳ್ಳಿ ನಾಣ್ಯ ಒಂದು ಸಂಖ್ಯೆ ಕೊಟ್ಟರೆ ಅದೇ ಬೆಳ್ಳಿಯ ಸಣ್ಣ ತುಂಡು ಬಹಳ ಕೆಳಗಿನ ಸಂಖ್ಯೆ ಕೊಡುತ್ತದೆ, ಅಲ್ಲೇ ತಂಪು ಪಾನೀಯದ ಡಬ್ಬಿಯ ಕಿವಿಯೂ ಅಲ್ಯೂಮಿನಿಯಂ ಹಾಳೆಯ ಚೂರೂ ಕೂತಿರುತ್ತವೆ. ಸಂಖ್ಯೆ ನೋಡಿ ಅಗೆಯುವವನು ಕಸವನ್ನು ಬಿಡುವಾಗ ಬೆಳ್ಳಿಯನ್ನೂ ಬಿಟ್ಟು ಬರುತ್ತಾನೆ. ಏಸ್‌ನಲ್ಲಿ ನಾನು ಅದನ್ನೇ ಮಾಡುತ್ತಿದ್ದೆ, ಎರಡು ವರ್ಷ.

ಹೋಲಿಕೆಗೆ ನಾನು ಹಿಡಿದ ದಾರಿ ಹೀಗೆ. ಮೊದಲು ಮನೆಯ ಹಿತ್ತಿಲು. ಒಂದು ಮೂಲೆಯಲ್ಲಿ 5, 10, 15, 20 ಸೆಂಟಿಮೀಟರ್ ಆಳಕ್ಕೆ ನಾಣ್ಯಗಳನ್ನು ಹೂತು ಪಕ್ಕದಲ್ಲಿ ಬಣ್ಣದ ಕಡ್ಡಿ ನೆಟ್ಟೆ. ಇಂಗ್ಲೆಂಡಿನಲ್ಲಿರುವವರು ಇದನ್ನು ಮಾಡುವಾಗ ಜೇಬಿನ ಚಿಲ್ಲರೆ ಹೂಳಬೇಡಿ: 1992ರಿಂದೀಚಿನ ಒಂದು, ಎರಡು ಪೆನ್ಸ್ ತಾಮ್ರ ಲೇಪಿಸಿದ ಉಕ್ಕು, 2012ರಿಂದ 5 ಮತ್ತು 10 ಪೆನ್ಸ್ ಕೂಡ ಉಕ್ಕೇ. ಅವುಗಳ ಸದ್ದು ಕಲಿತರೆ ಕಿವಿ ಕೆಡುತ್ತದೆ. 1947ಕ್ಕೆ ಮುಂಚಿನ ಒಂದೆರಡು ಬೆಳ್ಳಿ ನಾಣ್ಯ, ಒಂದು ಹಳೆಯ ಕಂಚಿನ ಪೆನ್ನಿ ಹಳೆ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಪಕ್ಕದಲ್ಲೇ ಒಂದು ಮೊಳೆಯನ್ನೂ ಒಂದು ಡಬ್ಬಿ ಕಿವಿಯನ್ನೂ ಹೂಳಿ. ಹಿತ್ತಿಲಲ್ಲಿ ಎರಡೂ ಯಂತ್ರ 15 ಸೆಂಟಿಮೀಟರ್‌ವರೆಗೆ ಸಮಸಮ. 20ರಲ್ಲಿ ಏಸ್ ತೊದಲಿತು, ಇಕ್ವಿನಾಕ್ಸ್ ತಗ್ಗಿದ ದನಿಯಲ್ಲಿ ಆದರೂ ಸ್ಪಷ್ಟವಾಗಿ ಹೇಳಿತು.

ಹೊಲದಲ್ಲಿ ಬೇರೆಯೇ ಪಾಠ. ದಾರ ಕಟ್ಟಿ ಇಪ್ಪತ್ತು ಹೆಜ್ಜೆ ಉದ್ದ, ಇಪ್ಪತ್ತು ಹೆಜ್ಜೆ ಅಗಲದ ಚೌಕ ಮಾಡಿದೆ. ಮೊದಲು ಏಸ್ ಹಿಡಿದು ನಡೆದು, ಸಿಗ್ನಲ್ ಬಂದಲ್ಲೆಲ್ಲ ಅಗೆಯದೆ ಕೆಂಪು ಬಾವುಟ ಚುಚ್ಚಿದೆ. ಆಮೇಲೆ ಇಕ್ವಿನಾಕ್ಸ್ ಹಿಡಿದು ಅದೇ ಚೌಕ, ಈ ಸಲ ಹಳದಿ ಬಾವುಟ. ಎರಡೂ ಮುಗಿದ ಮೇಲೆಯೇ ಅಗೆತ. ಅಗೆದ ಮೇಲೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ, ವಸ್ತು ಆಗಲೇ ಹೊರಬಂದಿರುತ್ತದೆ. ಹೊಸ ಯಂತ್ರ ಕಲಿಯುವವರಿಗೆ ಈ ಬಾವುಟದ ಆಟಕ್ಕಿಂತ ಒಳ್ಳೆಯ ಮೇಷ್ಟ್ರು ನನಗೆ ಗೊತ್ತಿಲ್ಲ.

ಕೆಂಪು ಬಾವುಟ ಇದ್ದಲ್ಲೆಲ್ಲ ಸುಲಭದ್ದು ಸಿಕ್ಕಿತು: ಅಂಗಿಯ ಗುಂಡಿ, ಪೆನ್ನಿ, ಸೀಸದ ಉಂಡೆ. ಹಳದಿ ಮಾತ್ರ ಇದ್ದ ಜಾಗಗಳಲ್ಲಿ ಮೊದಮೊದಲು ಬರೀ ಕಸ. ಸಫೋಕ್‌ನ ಈ ಹೊಲಗಳಲ್ಲಿ ಹಿಂದೆ ಉಗಿಯಂತ್ರದ ನೇಗಿಲು ಓಡಿವೆ. ಅವು ಉದುರಿಸಿದ ಕೋಕ್, ಸುಟ್ಟ ಕಲ್ಲಿದ್ದಲಿನ ಹಗುರ ಕಪ್ಪು ಉಂಡೆ, ಇಕ್ವಿನಾಕ್ಸ್‌ಗೆ ಲೋಹದಂತೆಯೇ ಕೇಳುತ್ತದೆ. ಏಸ್ ಅದನ್ನು ಬಹುತೇಕ ಗಮನಿಸುವುದೇ ಇಲ್ಲ. ಹೆಚ್ಚು ಸೂಕ್ಷ್ಮ ಕಿವಿಗೆ ಬೇಡದ್ದೂ ಹೆಚ್ಚು ಕೇಳುತ್ತದೆ. ಆರು ವಾರ ನನ್ನ ಚೀಲ ತುಂಬಿದ್ದು ಹೀಗೆ.

ದಾರಿ ತೋರಿಸಿದ್ದು ಕಪ್ಪು ಟೇಪು. ಇಕ್ವಿನಾಕ್ಸ್‌ನ ತೆರೆಯ ಮೇಲೆ ಒಂದು ತುಂಡು ಅಂಟಿಸಿ ಸಂಖ್ಯೆಯನ್ನು ಮುಚ್ಚಿಬಿಟ್ಟೆ. ಚಿಕ್ಕಂದಿನಲ್ಲಿ ಅಜ್ಜ ಬೆಳ್ಳಿಯ ರೂಪಾಯಿಯನ್ನು ಜಗುಲಿಯ ಕಲ್ಲಿಗೆ ಬಡಿದು, ತಲೆ ಓರೆ ಮಾಡಿ ಕೇಳುತ್ತಿದ್ದುದು ನೆನಪಾಗಿತ್ತು. ಸದ್ದು ಎಷ್ಟು ಎತ್ತರ ಎನ್ನುವುದಕ್ಕಿಂತ ಸದ್ದಿನ ಅಂಚನ್ನು ಕೇಳಬೇಕು. ದುಂಡನೆಯ ನಾಣ್ಯದ ಸ್ವರಕ್ಕೆ ಎರಡೂ ಕಡೆ ನುಣುಪಾದ ಅಂಚಿರುತ್ತದೆ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬೀಸಿದರೂ ಒಂದೇ. ಅಲ್ಲೇ ನಿಂತು ಕಾಲುಸುತ್ತು ತಿರುಗಿ ಅಡ್ಡ ಬೀಸಿದರೂ ಬದಲಾಗದು. ಮೊಳೆ ಒಂದು ಕಡೆಯಿಂದ ಬೆಳ್ಳಿಯ ಹಾಗೆ ಹಾಡಿ, ತಿರುಗಿ ಬೀಸಿದರೆ ಕರಕರ ಎನ್ನುತ್ತದೆ ಅಥವಾ ಸುಮ್ಮನಾಗುತ್ತದೆ. ಅಲ್ಯೂಮಿನಿಯಂ ಚೂರಿನ ಸದ್ದಿಗೆ ಹರಿದ ಅಂಚು. ಇದು ಏಸ್‌ನಲ್ಲೂ ಇದೆ, ಆದರೆ ಮೂರೇ ಸ್ವರದಲ್ಲಿ ಅಷ್ಟು ಸೂಕ್ಷ್ಮ ಕೇಳಿಸುವುದಿಲ್ಲ. ಐವತ್ತು ಸ್ವರದಲ್ಲಿ ಕೇಳುತ್ತದೆ, ಕೇಳಲು ಕಲಿತರೆ.

ಬೀಸುವ ಕೈಯನ್ನೂ ತಿದ್ದಿಕೊಳ್ಳಬೇಕಾಯಿತು. ಏಸ್‌ನಲ್ಲಿ ಕುಡುಗೋಲು ಬೀಸಿದ ಹಾಗೆ ತುದಿಯಲ್ಲಿ ಕಾಯಿಲ್ ಮೇಲೆದ್ದರೂ ದೊಡ್ಡ ಪೆನ್ನಿ ಕೂಗುತ್ತಿತ್ತು, ಅಭ್ಯಾಸ ಕೆಟ್ಟಿತ್ತು. ಅಂಗಳ ಗುಡಿಸುವವರ ಪೊರಕೆ ನೆಲ ಬಿಡುವುದಿಲ್ಲ, ಹಾಗೆ ಬೀಸಬೇಕು: ನೆಲಕ್ಕೆ ಎರಡು ಬೆರಳು ಅಂತರ, ಪ್ರತಿ ಬೀಸೂ ಹಿಂದಿನದರ ಅರ್ಧವನ್ನು ಮುಚ್ಚುವಂತೆ. ಏಸ್‌ನ ಕಾಯಿಲ್ ನೆಲದೊಳಗೆ ಕೊಳವೆಬಾಯಿಯ ಹಾಗೆ ಕೆಳಕೆಳಗೆ ಕಿರಿದಾಗುವ ಕ್ಷೇತ್ರ ಬಿಡುತ್ತದೆ, ಆಳದಲ್ಲಿ ಹಿಡಿಯುವ ಜಾಗ ಮುಷ್ಟಿಯಷ್ಟೇ. ಡಬಲ್-ಡಿ ಕಾಯಿಲ್‌ದು ಮುಂದಿನಿಂದ ಹಿಂದಕ್ಕೆ ಕತ್ತಿಯ ಅಲಗಿನಂತೆ, ಹಾಗಾಗಿ ನಡುವೆ ಜಾಗ ತಪ್ಪಿಹೋಗುವುದು ಕಡಿಮೆ. ಆದರೆ ಜಾಗ ಗುರುತಿಸುವುದರಲ್ಲಿ ಏಸ್ ಗೆದ್ದಿತು: ಪಿನ್‌ಪಾಯಿಂಟ್ ಗುಂಡಿ ಒತ್ತಿದರೆ ಕಾಯಿಲ್ಲಿನ ನಟ್ಟನಡುವೆ ಸಾಮಾನು ಇರುತ್ತದೆ. ಇಕ್ವಿನಾಕ್ಸ್‌ನಲ್ಲಿ ಕಾಯಿಲ್ಲನ್ನು ಸಣ್ಣದಾಗಿ ಅಲ್ಲಾಡಿಸುತ್ತ ನನ್ನ ಕಡೆಗೆ ಎಳೆಯುತ್ತೇನೆ, ಸದ್ದು ಕಡಿದ ಕ್ಷಣ ಕಾಯಿಲ್ಲಿನ ಮೂತಿಯ ಮುಂದೆ ಅಗೆಯುತ್ತೇನೆ. ಇದು ಕೂರಲು ಒಂದು ತಿಂಗಳು ಹಿಡಿಯಿತು.

ಏಳನೆಯ ವಾರ, ಹಳದಿ ಬಾವುಟ ಮಾತ್ರ ಇದ್ದ ಒಂದು ಜಾಗ. ಏಸ್ ಅಲ್ಲಿ ಉಸಿರೆತ್ತಿರಲಿಲ್ಲ. ಇಕ್ವಿನಾಕ್ಸ್‌ನ ಸದ್ದು ಸಣ್ಣದು, ಎತ್ತರವೂ ಅಲ್ಲ, ತಗ್ಗೂ ಅಲ್ಲ, ಟೇಪು ಇಲ್ಲದಿದ್ದರೆ ಸಂಖ್ಯೆ ನೋಡಿ ಮುಂದೆ ನಡೆಯುತ್ತಿದ್ದೆ. ಆದರೆ ಅಂಚು ನುಣುಪು, ಅಡ್ಡ ಬೀಸಿದರೂ ಅದೇ. ಒಂದು ಹೆಂಟೆ ಎತ್ತಿ ಪಕ್ಕಕ್ಕಿಟ್ಟೆ, ಲೋಹದ ಸರಿಯಾದ ಜಾಗ ತೋರಿಸುವ ಕೈ ಪಿನ್‌ಪಾಯಿಂಟರ್ ಹೆಂಟೆಯೊಳಗೇ ಗುನುಗಿತು. ಒಡೆದು ನೋಡಿದರೆ ಹೋಳಿಗೆಯನ್ನು ನಾಲ್ಕು ಮಾಡಿ ಒಂದು ತೆಗೆದಂತೆ ಬೂದುಬಣ್ಣದ ಮೂಲೆ, ಕಿರುಬೆರಳ ಉಗುರಿಗಿಂತ ಚಿಕ್ಕದು. ಒಂದು ಮುಖದಲ್ಲಿ ಜೋಡಿಗೆರೆಯ ಶಿಲುಬೆಯ ತೋಳಿನ ಅಂಚು, ಅದರ ಪಕ್ಕ ಮೂರು ಚುಕ್ಕಿ. ದೊರೆ ಮೂರನೆಯ ಹೆನ್ರಿಯ ಕಾಲದಲ್ಲಿ 1247ರಲ್ಲಿ ಶುರುವಾಗಿ 1279ರವರೆಗೆ ನಡೆದ ಬೆಳ್ಳಿ ಪೆನ್ನಿಯ ಕಾಲು ಭಾಗ. ಆಗ ಚಿಲ್ಲರೆ ಬೇಕಾದರೆ ಪೆನ್ನಿಯನ್ನೇ ಶಿಲುಬೆಯ ಗೆರೆ ಹಿಡಿದು ಕತ್ತರಿಸುತ್ತಿದ್ದರು, ದುಂಡನೆಯ ಕಾಲು ಪೆನ್ನಿ ಬಂದದ್ದು ಆಮೇಲೆ. ಸೋಮನಾಥಪುರದ ಕೇಶವ ದೇವಾಲಯ ಎದ್ದದ್ದು 1258ರಲ್ಲಿ. ನಮ್ಮಲ್ಲಿ ಉಳಿ ಹಿಡಿದು ಕಲ್ಲು ಬಿಡಿಸುತ್ತಿದ್ದ ದಶಕಗಳಲ್ಲೇ ಇಲ್ಲಿ ಯಾರೋ ಈ ಚೂರನ್ನು ಸಂತೆಗೆ ಒಯ್ಯುತ್ತ ಬೀಳಿಸಿಕೊಂಡಿದ್ದಾರೆ. ಹೊಲದ ನಡುವೆ ಮೊಣಕಾಲೂರಿ ಕೂತಿದ್ದೆ, ಕೈ ನಡುಗುತ್ತಿತ್ತು.

ಹೊಲದ ಯಜಮಾನನಿಗೆ ಆ ಸಂಜೆಯೇ ತೋರಿಸಿದೆ. ಇಂಗ್ಲೆಂಡಿನಲ್ಲಿ ಜಮೀನಿನ ಒಡೆಯನ ಅನುಮತಿ ಇಲ್ಲದೆ ಕಾಯಿಲ್ ಬೀಸುವಂತಿಲ್ಲ, ಸಂರಕ್ಷಿತ ಸ್ಮಾರಕಗಳ ಮೇಲೆ 1979ರ ಕಾನೂನಿನ ಪ್ರಕಾರ ವಿಶೇಷ ಪರವಾನಗಿ ಬೇಕು. ಮುನ್ನೂರು ವರ್ಷ ದಾಟಿದ ಎರಡು ಬೆಳ್ಳಿ ನಾಣ್ಯ ಒಂದೇ ಕಡೆ ಸಿಕ್ಕರೆ 1996ರ ಟ್ರೆಷರ್ ಆ್ಯಕ್ಟ್ (ನಿಧಿ ಕಾಯಿದೆ) ಅನ್ವಯಿಸುತ್ತದೆ, 14 ದಿನದಲ್ಲಿ ಕರೊನರ್ ಎಂಬ ಅಧಿಕಾರಿಗೆ ತಿಳಿಸಬೇಕು. ಒಂಟಿ ನಾಣ್ಯಕ್ಕೆ ಆ ಕಡ್ಡಾಯ ಇಲ್ಲ, ಆದರೂ ಜನರಿಗೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ ಪೋರ್ಟಬಲ್ ಆ್ಯಂಟಿಕ್ವಿಟೀಸ್ ಸ್ಕೀಮ್‌ನ ಅಧಿಕಾರಿಗೆ ತೋರಿಸಿ ದಾಖಲಿಸಿದೆ. ಇದೇ ಸಫೋಕ್‌ನ ಹಾಕ್ಸನ್ (Hoxne) ಎಂಬ ಹಳ್ಳಿಯಲ್ಲಿ 1992ರ ನವೆಂಬರ್‌ನಲ್ಲಿ ಎರಿಕ್ ಲಾಸ್ ಎಂಬವರು, ಕಳೆದುಹೋದ ಸುತ್ತಿಗೆ ಹುಡುಕುತ್ತ ರೋಮನ್ ಕಾಲದ ನಿಧಿಯನ್ನೇ ಕಂಡರು. ಪೂರ್ತಿ ಬಗೆಯದೆ ನಿಲ್ಲಿಸಿ ತಿಳಿಸಿದ್ದರಿಂದ ಪುರಾತತ್ವದವರು ಅದನ್ನು ಇದ್ದ ಜಾಗದಲ್ಲೇ, ಇದ್ದ ಜೋಡಣೆಯಲ್ಲೇ ನೋಡಲು ಸಾಧ್ಯವಾಯಿತು. ಸುಮಾರು 15,000 ನಾಣ್ಯ. ಸುತ್ತಿಗೆಯೂ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಊರಿಗೆ ಬರುವಾಗ ಯಂತ್ರ ತಾ ಎಂದು ಕೇಳುವ ನೆಂಟರು ಇದ್ದಾರೆ. ತರುವುದಿಲ್ಲ. ನಮ್ಮ ಕರ್ನಾಟಕದಲ್ಲಿ 1962ರ ನಿಧಿ ಕಾಯಿದೆ ಇದೆ, ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಪಾಳು ಗುಡಿಗಳ ಗರ್ಭಗುಡಿ ಅಗೆದು ಲಿಂಗ ಕಿತ್ತುಹಾಕುವ ನಿಧಿಗಳ್ಳರನ್ನು ಕಂಡ ನಾಡು ನಮ್ಮದು, ಆ ಕೈಗೆ ಇದು ಸಿಗಬಾರದು.

ಕಡಲತೀರದ ಹೋಲಿಕೆ ಬೇಗ ಮುಗಿಯಿತು. ಒಣ ಮರಳಲ್ಲಿ ಎರಡೂ ಸರಿ. ಉಪ್ಪುನೀರು ಕುಡಿದ ಮರಳಲ್ಲಿ ಏಸ್ ಸುಮ್ಮನೆ ಕೂಗುತ್ತದೆ, ಒಂದೇ ಫ್ರೀಕ್ವೆನ್ಸಿಯ ಯಂತ್ರಗಳ ಪಾಡೇ ಅದು. ಸೆನ್ಸಿಟಿವಿಟಿ ಇಳಿಸಿದರೆ ಸುಮ್ಮನಾಗುತ್ತದೆ, ಆದರೆ ಆಳವೂ ಹೋಗುತ್ತದೆ. ಇಕ್ವಿನಾಕ್ಸ್‌ನ ಬೀಚ್ ಮೋಡ್ ಅಲೆಯ ಅಂಚಿನಲ್ಲೂ ಶಾಂತ.

ಯಾವುದು ತಗೊಳ್ಳಲಿ ಎನ್ನುವವರಿಗೆ: ತಿಂಗಳಿಗೆ ಒಂದೆರಡು ಬಾರಿ, ಮಕ್ಕಳ ಜೊತೆ, ಹುಲ್ಲುಗಾವಲಿನಲ್ಲಿ ಅಂದರೆ ಏಸ್ ಸಾಕು, ಉಳಿದ ದುಡ್ಡಲ್ಲಿ ಒಳ್ಳೆಯ ಸನಿಕೆ ಮತ್ತು ಕೈ ಪಿನ್‌ಪಾಯಿಂಟರ್ ಕೊಳ್ಳಿ. ವಾರ ತಪ್ಪದೆ ಹೋಗುವವರಾದರೆ, ಕಬ್ಬಿಣ ತುಂಬಿದ ಹಳೆಯ ಹೊಲ ಸಿಕ್ಕಿದ್ದರೆ ಇಕ್ವಿನಾಕ್ಸ್. ಆದರೆ ಮೊದಲ ಎರಡು ತಿಂಗಳು ಪಾರ್ಕ್ 1 ಬಿಟ್ಟು ಅಲ್ಲಾಡಬೇಡಿ. ಸೆನ್ಸಿಟಿವಿಟಿ 20ರ ಕೆಳಗಿರಲಿ, ಪ್ರತಿ ಹೊಲದಲ್ಲೂ ಮೊದಲು ನಾಯ್ಸ್ ಕ್ಯಾನ್ಸಲ್, ಸಂಶಯ ಬಂದದ್ದನ್ನೆಲ್ಲ ಅಗೆಯಿರಿ, ಅಗೆಯುವ ಮುಂಚೆ ಏನಿರಬಹುದೆಂದು ಬಾಯಿಬಿಟ್ಟು ಹೇಳಿ.

ಏಸ್ ಈಗ ಮಗಳ ಕೈಯಲ್ಲಿದೆ. ಅವಳು ಕೆಂಪು ಬಾವುಟ, ನಾನು ಹಳದಿ. ಹೋದ ವಾರ ಒಂದು ಕಡೆ ಎರಡೂ ಬಾವುಟ ಪಕ್ಕಪಕ್ಕ ಬಿದ್ದಿದ್ದವು. ಅವಳು "ಗುಂಡಿ" ಅಂದಳು, ನಾನು "ಸೀಸ" ಅಂದೆ. ಗುಂಡಿಯೇ.