ಛಾಯಾಚಿತ್ರ ತಾಣದಲ್ಲೊಂದು ‘ನೆರವು’ ವಿಭಾಗ: ಹಳೆಯ ಸದಸ್ಯನ ವಿಮರ್ಶೆ

ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಹವ್ಯಾಸಿ ಛಾಯಾಗ್ರಾಹಕರು ತಮ್ಮ ಚಿತ್ರಗಳನ್ನು ಹಂಚಿಕೊಳ್ಳಲು ನಡೆಸುತ್ತಿರುವ ಒಂದು ಜಾಲತಾಣಕ್ಕೆ ನಾನು 2018ರಿಂದ ವರ್ಷಕ್ಕೆ ಐನೂರು ರೂಪಾಯಿ ವಂತಿಗೆ ಕೊಡುತ್ತ ಬಂದಿದ್ದೇನೆ. ಮುಳ್ಳಯ್ಯನಗಿರಿಯ ಸೂರ್ಯೋದಯ, ದೇವರಮನೆ ಬೆಟ್ಟದ ಮಂಜು, ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುವ ಕಾಫಿ ಹೂವು, ಇವಿಷ್ಟಕ್ಕೇ ಮೀಸಲಾಗಿದ್ದ ಆ ತಾಣದಲ್ಲಿ ಈಗ ‘ನೆರವು’ ಎಂಬ ಪ್ರತ್ಯೇಕ ವಿಭಾಗವಿದ್ದು, ಮಳೆಗಾಲದ ಅನಾಹುತಗಳಿಗೆ ಸಂಬಂಧಿಸಿದ ಚಿತ್ರ, ಸೂಚನೆ ಮತ್ತು ನಿಧಿ ಸಂಗ್ರಹದ ಮನವಿಗಳು ಅಲ್ಲಿ ಬರುತ್ತವೆ. ಈ ವಿಮರ್ಶೆ ಆ ವಿಭಾಗಕ್ಕೆ ಮಾತ್ರ ಸಂಬಂಧಿಸಿದ್ದು. ತಾಣದ ಹೆಸರನ್ನು ಬೇಕೆಂದೇ ಬರೆದಿಲ್ಲ. ಸದಸ್ಯರಿಗೆ ಹೇಳದೆಯೂ ತಿಳಿಯುತ್ತದೆ.

ವಿಭಾಗ ಹುಟ್ಟಿದ್ದು 2019ರ ಆಗಸ್ಟಿನ ಆಶ್ಲೇಷ ಮಳೆಯಲ್ಲಿ. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಆಲೇಖಾನ್ ಹೊರಟ್ಟಿ ಮೊದಲಾದ ಕಡೆ ಗುಡ್ಡ ಕುಸಿದು ಮನೆ, ತೋಟ, ಗದ್ದೆಗಳು ಮಣ್ಣುಪಾಲಾಗಿದ್ದವು. ಚಾರ್ಮಾಡಿ ಘಾಟಿ ಮುಚ್ಚಿತ್ತು. ಅಂಥ ವಾರದಲ್ಲಿ ಮಂಜಿನ ಚಿತ್ರ ಹಾಕುವುದೇ ಅನೇಕರಿಗೆ ಮುಜುಗರವಾಗಿ, ಪರಿಹಾರ ಕಾರ್ಯಕ್ಕೆ ತಾಣ ಪ್ರಚಾರ ಕೊಡಬೇಕೇ ಬೇಡವೇ ಎಂಬ ಚರ್ಚೆ ಎದ್ದಿತು. ‘ಇದು ಚಿತ್ರದ ಜಾಗ, ದೇವಸ್ಥಾನದ ಹುಂಡಿಯಲ್ಲ’ ಎಂದು ಹಿರಿಯ ಸದಸ್ಯರೊಬ್ಬರು ಬರೆದಾಗ ನಾನೂ ತಲೆದೂಗಿದ್ದೆ. ಒಮ್ಮೆ ಹಣದ ಮನವಿ ಶುರುವಾದರೆ ಅದಕ್ಕೆ ಕೊನೆಯಿರುವುದಿಲ್ಲ, ಯಾವ ಊರಿನ ಕಷ್ಟ ದೊಡ್ಡದು ಎಂದು ತೂಗುವ ಕೆಲಸ ಕ್ಯಾಮೆರಾ ಹಿಡಿದವರಿಗೆ ಬರಬಾರದು ಎಂಬುದು ನನ್ನ ವಾದವಾಗಿತ್ತು.

ಆ ವಾದ ಅರ್ಧ ಸಡಿಲಗೊಂಡದ್ದು ಕೊಟ್ಟಿಗೆಹಾರದ ಒಂದು ಹೋಟೆಲಿನಲ್ಲಿ. ಗೆಳೆಯರು ಸೇರಿ ಟಾರ್ಪಾಲು, ಅಕ್ಕಿ, ಕಂಬಳಿ ತುಂಬಿದ ಪಿಕಪ್ಪಿನಲ್ಲಿ ಹೊರಟವರು ಅಲ್ಲಿ ನೀರುದೋಸೆಗೆ ಕಾಯುತ್ತಿದ್ದಾಗ, ನಾವು ಹಿಡಿಯಬೇಕೆಂದಿದ್ದ ಒಳದಾರಿಯ ಮೋರಿ ಕೊಚ್ಚಿಹೋಗಿರುವ ಚಿತ್ರವೊಂದು ತಾಣದಲ್ಲಿ ಕಂಡಿತು. ತೆಗೆದವರು ಹತ್ತಿರದ ಎಸ್ಟೇಟಿನ ರೈಟರು, ಅಂದರೆ ಗುಮಾಸ್ತರು. ಚಿತ್ರ ಚೆನ್ನಾಗಿರಲಿಲ್ಲ, ಮಸೂರದ ಮೇಲೆ ಮಳೆಹನಿ ಕೂತು ಅರ್ಧ ಭಾಗ ಮಬ್ಬಾಗಿತ್ತು. ಆದರೆ ಕೆಳಗೆ ಬೆಳಿಗ್ಗೆ 6.40 ಎಂಬ ಸಮಯವೂ ಜಾಗದ ಗುರುತೂ ಇದ್ದವು. ನಾವು ಗಾಡಿ ತಿರುಗಿಸಿ, ಸಾಮಾನನ್ನು ತಾಲ್ಲೂಕು ಆಡಳಿತ ಸಂತ್ರಸ್ತರಿಗಾಗಿ ತೆರೆದಿದ್ದ ಕಾಳಜಿ ಕೇಂದ್ರಕ್ಕೆ ಇಳಿಸಿ ಬಂದೆವು. ಅಂದು ಆ ಕೇಂದ್ರದಲ್ಲಿ ಹಳೆಯ ಬಟ್ಟೆಯ ಮೂಟೆಗಳು ಜಗಲಿಯುದ್ದಕ್ಕೂ ಬಿದ್ದಿದ್ದವು, ಟಾರ್ಪಾಲು ಮಾತ್ರ ಸಾಲುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು.

ಈ ಸೇವೆಯ ನಿಜವಾದ ಬೆಲೆ ಇರುವುದು ಇಲ್ಲಿ. ವಾಟ್ಸಾಪಿನಲ್ಲಿ ಮಾಮೂಲಿನಂತೆ ಕಳಿಸಿದ ಚಿತ್ರದಲ್ಲಿ ಕ್ಯಾಮೆರಾ ಬರೆದಿಟ್ಟ ದಿನಾಂಕ, ಸಮಯ, ಜಾಗದ ವಿವರಗಳು ಅಳಿಸಿಹೋಗುತ್ತವೆ. ಹಾಗಾಗಿ ಹತ್ತು ಗುಂಪು ದಾಟಿ ಬಂದ ಕುಸಿತದ ಚಿತ್ರ ಇಂದಿನದೋ ಐದು ವರ್ಷ ಹಿಂದಿನದೋ ನೋಡಿದವರಿಗೆ ತಿಳಿಯುವುದಿಲ್ಲ. ನಮ್ಮ ತಾಣ ಮೂಲ ಕಡತವನ್ನು ಹಾಗೆಯೇ ಇಟ್ಟುಕೊಂಡು, ಆ ವಿವರವನ್ನು ಚಿತ್ರದ ಕೆಳಗೆ ತೋರಿಸುತ್ತದೆ. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲೆ ಬಳಿ ಗುಡ್ಡ ಕುಸಿದು ಶಿರಾಡಿ ಘಾಟಿಯ ಸಂಚಾರ ನಿಂತಾಗ, ಹಾಸನದ ಕಡೆಯ ಸದಸ್ಯರು ಹಾಕಿದ ಚಿತ್ರಗಳಿಂದ ನಾನು ಮಂಗಳೂರಿನ ಪ್ರಯಾಣವನ್ನು ಮನೆಯಲ್ಲಿ ಕೂತೇ ರದ್ದು ಮಾಡಿದೆ.

ಆದರೂ ದೋಷ ಸಣ್ಣದಲ್ಲ. ಸ್ಕ್ರೀನ್‌ಶಾಟ್ ತೆಗೆದು ಏರಿಸಿದರೆ ಹಳೆಯ ಚಿತ್ರಕ್ಕೂ ಹೊಸ ದಿನಾಂಕ ಬರುತ್ತದೆ. ಅದೇ ಜುಲೈನಲ್ಲಿ 2019ರ ಚಾರ್ಮಾಡಿಯ ಚಿತ್ರವೊಂದು ‘ಇದೀಗ’ ಎಂಬ ಒಕ್ಕಣೆಯೊಂದಿಗೆ ಬಂದು, ನಾವು ನಾಲ್ಕು ಜನ ದೂರಿದ ಮೇಲೂ ಮರುದಿನದವರೆಗೆ ಹಾಗೆಯೇ ಉಳಿದಿತ್ತು. 2012ರಲ್ಲಿ ಸ್ಯಾಂಡಿ ಚಂಡಮಾರುತ ಅಮೆರಿಕಕ್ಕೆ ಅಪ್ಪಳಿಸಿದಾಗ ಇನ್‌ಸ್ಟಾಗ್ರಾಮಿಗೆ ಸೆಕೆಂಡಿಗೆ ಹತ್ತರಂತೆ ಚಿತ್ರಗಳು ಬಂದವು, ಅದೇ ದಿನಗಳಲ್ಲಿ ಬೀದಿಯ ನೀರಿನಲ್ಲಿ ಶಾರ್ಕ್ ಈಜುತ್ತಿರುವ ಖೋಟಾ ಚಿತ್ರಗಳೂ ಜಾಲತಾಣಗಳಲ್ಲಿ ಓಡಾಡಿದವು. ಅಷ್ಟು ದೊಡ್ಡ ಜಾಲತಾಣಗಳಿಗೇ ಖೋಟಾ ಚಿತ್ರದ ಕಾಟ ತಪ್ಪಲಿಲ್ಲ ಎಂದು ನಮ್ಮ ನಿರ್ವಾಹಕರು ಸಮಾಧಾನ ಹೇಳುತ್ತಾರೆ. ಕೆಲವೇ ನೂರು ಸದಸ್ಯರಿರುವ ತಾಣಕ್ಕೆ ಈ ಸಮಾಧಾನ ಒಪ್ಪುವುದಿಲ್ಲ.

ಇನ್ನು ನಿಧಿ ಸಂಗ್ರಹ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಪ್ರದೇಶಗಳನ್ನು ಭೂಕುಸಿತ ನುಂಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತಾಗ, ಸದಸ್ಯರ ಆಯ್ದ ಚಿತ್ರಗಳನ್ನು ಮುದ್ರಿಸಿ ಮಾರಿ ಬಂದ ಹಣವನ್ನು ಅಲ್ಲಿಗೆ ಕಳಿಸುವುದಾಗಿ ತಾಣ ಪ್ರಕಟಿಸಿತು. ನಾನು ಒಂಬೈನೂರು ರೂಪಾಯಿ ಕೊಟ್ಟು ಹನ್ನೆರಡು-ಹದಿನೆಂಟು ಅಂಗುಲದ ದೇವರಮನೆಯ ಚಿತ್ರವೊಂದನ್ನು ಕೊಂಡೆ. ಅದು ಕೈಗೆ ಬಂದದ್ದು ಏಳು ವಾರಗಳ ನಂತರ. ಕಾಗದ ಒಳ್ಳೆಯದು, ಹೊಳಪಿಲ್ಲದ್ದು, ಬೆರಳಚ್ಚು ಮೂಡುವುದಿಲ್ಲ. ಮಂಜಿನ ಬಿಳುಪು ಹದವಾಗಿ ಬಂದಿದೆ. ಆದರೆ ಬೆಟ್ಟದ ನೆರಳಿನ ಭಾಗಕ್ಕೆ ಒಂದು ಬಗೆಯ ಪಾಚಿ ಹಸಿರು ಹತ್ತಿದೆ, ಕೊಳವೆಯಲ್ಲಿ ಬಿಗಿಯಾಗಿ ಸುತ್ತಿದ್ದರಿಂದ ಬಲಗಡೆಯ ಮೂಲೆ ಮಡಚಿದೆ. ಇವನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಲೆಕ್ಕದ ರೀತಿ. ಹಣ ಹೋದದ್ದು ನಿರ್ವಾಹಕರೊಬ್ಬರ ಸ್ವಂತ ಖಾತೆಯ ಕ್ಯೂಆರ್ ಕೋಡಿಗೆ. ನವೆಂಬರಿನಲ್ಲಿ ಪ್ರಕಟವಾದ ಲೆಕ್ಕದಲ್ಲಿ ಮುದ್ರಣಕ್ಕೆ, ಅಂಚೆಗೆ ಎಷ್ಟು ಕಳೆದರು ಎಂಬುದೇ ಇರಲಿಲ್ಲ. ಯಾರೋ ಹಣ ಹೊಡೆದರೆಂದು ನಾನು ಹೇಳುತ್ತಿಲ್ಲ, ಅಂಥ ಅನುಮಾನ ನನಗಿಲ್ಲ. ಆದರೆ ಕೇರಳ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ನಾನೇ ನೇರವಾಗಿ ಕಟ್ಟಿದ್ದರೆ ಅಂದೇ ನನ್ನ ಹೆಸರಿನ ರಸೀದಿ ಸಿಗುತ್ತಿತ್ತು, ನಡುವೆ ಏಳು ವಾರವೂ ಇರುತ್ತಿರಲಿಲ್ಲ. ತಾಣ ಪ್ರಚಾರ ಮಾಡಲಿ, ಸರ್ಕಾರಿ ನಿಧಿಯ ವಿಳಾಸವನ್ನು ಮುಖಪುಟದಲ್ಲೇ ಹಾಕಲಿ, ರಸೀದಿ ತೋರಿಸಿದವರಿಗೆ ಚಿತ್ರ ಮುದ್ರಿಸಿ ಕೊಡಲಿ. ಹಣವನ್ನು ಮಾತ್ರ ತನ್ನ ಕೈಯಿಂದ ಮುಟ್ಟದಿರಲಿ.

ಮುಖಗಳ ವಿಷಯವನ್ನೂ ಇಲ್ಲಿ ಸೇರಿಸುತ್ತೇನೆ. 2019ರಲ್ಲಿ ಈ ವಿಭಾಗದಲ್ಲಿ ಅತಿ ಹೆಚ್ಚು ಮೆಚ್ಚುಗೆ ಪಡೆದದ್ದು ಕಾಳಜಿ ಕೇಂದ್ರದ ಶಾಲಾ ಬೆಂಚಿನ ಮೇಲೆ, ಯಾರೋ ಕೊಟ್ಟ ಹೊಸ ಕಂಬಳಿಯನ್ನು ಬಿಚ್ಚದೆ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ಅಜ್ಜಿಯ ಚಿತ್ರ. ಅವರನ್ನು ಯಾರೂ ಕೇಳಿರಲಿಲ್ಲ. ಈಗ ಒಪ್ಪಿಗೆಯಿಲ್ಲದ ಮುಖ ಹಾಕಬಾರದೆಂಬ ನಿಯಮವಿದ್ದು, ಬಹುಮಟ್ಟಿಗೆ ಪಾಲನೆಯೂ ಆಗುತ್ತಿದೆ. ಹೇಮಾವತಿ ಜಲಾಶಯ ತುಂಬಿದಾಗ ಮುಳುಗುವ ಶೆಟ್ಟಿಹಳ್ಳಿಯ ಚರ್ಚನ್ನು ನಮ್ಮಲ್ಲಿ ತೆಗೆಯದವರೇ ಇಲ್ಲ, ನಾನೂ ಮೂರು ಸಲ ತೆಗೆದಿದ್ದೇನೆ. ಆ ಹಿನ್ನೀರಿನಡಿ ಮನೆ ಬಿಟ್ಟುಹೋದವರ ಬಗ್ಗೆ ಒಂದು ಸಾಲು ಒಕ್ಕಣೆಯನ್ನೂ ಬರೆದಿರಲಿಲ್ಲ ಎಂಬುದು ಆ ಅಜ್ಜಿಯ ಚಿತ್ರದ ಚರ್ಚೆಯ ವೇಳೆ ನೆನಪಾಯಿತು.

ರಸ್ತೆ ಮತ್ತು ಕುಸಿತದ ಚಿತ್ರಗಳಿಗಾಗಿ ಐದರಲ್ಲಿ ನಾಲ್ಕು ಅಂಕ, ನಿಧಿ ಸಂಗ್ರಹಕ್ಕೆ ಒಂದೂವರೆ. ಘಾಟಿಯ ಕಡೆ ಓಡಾಡುವವರು ಛಾಯಾಗ್ರಹಣದ ಗೊಡವೆ ಇಲ್ಲದಿದ್ದರೂ ಮಳೆಗಾಲದ ನಾಲ್ಕು ತಿಂಗಳಿಗಾಗಿ ಸದಸ್ಯರಾಗಬಹುದು. ಲೆಕ್ಕದ ಬಗ್ಗೆ ನಾನು ಬರೆದ ಎರಡು ಪತ್ರಗಳಿಗೆ ‘ಸಮಿತಿಯಲ್ಲಿ ಚರ್ಚಿಸುತ್ತೇವೆ’ ಎಂಬ ಉತ್ತರ ಬಂದಿದೆ. ಈ ವರ್ಷದ ವಂತಿಗೆಯನ್ನು ಜೂನ್ ಮೊದಲ ವಾರವೇ ಕಟ್ಟಿದೆ. ಕ್ಯೂಆರ್ ಕೋಡ್ ಇನ್ನೂ ಅದೇ ಹೆಸರಿನಲ್ಲಿದೆ.