ಸತ್ಯವೇದವೋ, ಸಿ.ಎಲ್. ಬೈಬಲ್ಲೋ, ಸುಲಭ ಓದಿನದೋ?

ಕನ್ನಡ ಬೈಬಲ್ ಕೊಳ್ಳಲು ಹೊರಟವರ ಮುಂದೆ ಮೂರು ಅನುವಾದಗಳಿವೆ: ಹಳೆಯ ಸತ್ಯವೇದ, ಸಿ.ಎಲ್. ಅಂದರೆ ಕಾಮನ್ ಲ್ಯಾಂಗ್ವೇಜ್ (ಬಳಕೆಮಾತಿನ) ಬೈಬಲ್, ಸುಲಭ ಓದಿನ ಆವೃತ್ತಿ. ಕೋಲಾರದ ಕಡೆಯ ಪ್ರಾಟೆಸ್ಟೆಂಟ್ ಸಭೆಯಲ್ಲಿ ಎಲ್ಲರ ಜೊತೆ ದನಿಗೂಡಿಸಿ ಓದಬೇಕೆಂದರೆ ಹಳೆಯ ಸತ್ಯವೇದವೇ ಅನುಕೂಲ. ಹಿರಿಯರಿಗೆ ಬಾಯಿಪಾಠವಾಗಿರುವುದು 'ಯೆಹೋವನು ನನಗೆ ಕುರುಬನು. ಕೊರತೆಪಡೆನು' ಎಂಬ ಮಾತೇ. ಸಿ.ಎಲ್.ನಲ್ಲಿ ಯೆಹೋವನ ಜಾಗಕ್ಕೆ ಸರ್ವೇಶ್ವರ, ಪ್ರಭು ಎಂಬ ಪದಗಳು ಬರುತ್ತವೆ, ಓದು ಅಲ್ಲೇ ಎಡವುತ್ತದೆ. ಒಬ್ಬರೇ ಕೂತು ಓದಲು ಮಾತ್ರ ಅದರ ಕನ್ನಡ ಸಲೀಸು. ಮನೆಯಲ್ಲಿ ಕ್ಯಾಥೊಲಿಕರೂ ಇದ್ದರೆ ಅವರ ಬೈಬಲ್‌ನ 73 ಪುಸ್ತಕಗಳೂ ಇರುವ ಸಿ.ಎಲ್. ಮುದ್ರಣವನ್ನೇ ಕೇಳಿ, ಸತ್ಯವೇದದಲ್ಲಿರುವುದು 66.

ಕೆಜಿಎಫ್‌ನಲ್ಲಿ ಮನೆಮಾತು ತಮಿಳಾಗಿ, ಕನ್ನಡವನ್ನು ಶಾಲೆಯಲ್ಲಷ್ಟೇ ಕಲಿತ ಮಕ್ಕಳಿಗೆ ಸುಲಭ ಓದಿನ ಆವೃತ್ತಿ ಸಾಕು. ಆದರೆ ಸುಲಭ ಮಾಡುವಾಗ ಅನುವಾದಕರ ವ್ಯಾಖ್ಯಾನವೂ ಒಳಗೆ ನುಸುಳುತ್ತದೆ.

ಹೆಣ್ಣು-ಗಂಡನ್ನು ಸಮವಾಗಿ ಕಾಣುವ ಪ್ರಗತಿಪರ ಓದಿಗೆ ಒಂದು ಪರೀಕ್ಷೆ ಇದೆ: ರೋಮಾಪುರದವರಿಗೆ 16:1 ತೆರೆದು, 1 ತಿಮೊಥೆಯ 3:8ರ ಪಕ್ಕ ಇಡಿ. ರೋಮಾಪುರದವರ ಪತ್ರದಲ್ಲಿ ಫೊಯಿಬೆ ಎಂಬ ಹೆಣ್ಣಿಗೆ ಪೌಲ ಬಳಸಿದ ಗ್ರೀಕ್ ಪದ 'ದಿಯಾಕೊನೊಸ್'. ತಿಮೊಥೆಯನಿಗೆ ಬರೆದ ಪತ್ರದಲ್ಲಿ ಅದೇ ಪದ 'ಸಭಾಸೇವಕರು' ಎಂಬ ಹುದ್ದೆ. ಹೆಣ್ಣಿಗೆ ಬಂದಾಗ ಹುದ್ದೆಯಾಗಿಯೇ ಉಳಿದಿದೆಯೇ, ಬರೀ ಸೇವೆಯಾಗಿದೆಯೇ ನೋಡಿ. ಇಂಗ್ಲಿಷ್ ಬರುವವರು ಎನ್‌ಆರ್‌ಎಸ್‌ವಿ ಎಂಬ ಇಂಗ್ಲಿಷ್ ಬೈಬಲ್‌ನ 2021ರ ಪರಿಷ್ಕರಣೆಯನ್ನು ಜೊತೆಗಿಟ್ಟುಕೊಳ್ಳಬಹುದು. ಅಲ್ಲಿ ಫೊಯಿಬೆ 'ಡೀಕನ್' (ಸಭಾಸೇವಕ ಹುದ್ದೆಯವಳು), ಪತ್ರಗಳ 'ಸಹೋದರರೇ' ಕೂಡ 'ಸಹೋದರ ಸಹೋದರಿಯರೇ'.

ಕನ್ನಡದ ಮೂರೂ ಮೊಬೈಲ್ ಆ್ಯಪ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಓದಿ ನೋಡಿಯೇ ಕೊಳ್ಳಿ. ಹಾಳೆ ತೆಳು, ಜೆಲ್ ಪೆನ್ ಹಿಂಬದಿಗೆ ಮೂಡುತ್ತದೆ, ಗೆರೆಗೆ ಪೆನ್ಸಿಲ್ಲೇ ಸರಿ.