ಅಗಲದ್ದು, ಮಧ್ಯದ್ದು, ಕಿರಿದು: ಸ್ಲಾಲಮ್ ಸ್ಕೀಯಲ್ಲಿ ನನ್ನ ಓಟು ಮಧ್ಯದ್ದಕ್ಕೆ

ಮೊದಲೇ ಹೇಳಿಬಿಡುತ್ತೇನೆ, ಕೊನೆವರೆಗೆ ಕಾಯಿಸುವುದಿಲ್ಲ. ಬೋಟಿನ ಹಿಂದೆ ಹಗ್ಗ ಹಿಡಿದು ನೀರಿನ ಮೇಲೆ ಓಡುವಾಗ ಎರಡೂ ಕಾಲಿಗೆ ಸೇರಿಸಿ ಹಾಕುವ ಒಂದೇ ಹಲಗೆ ಇದೆಯಲ್ಲ, ಆ ಸ್ಲಾಲಮ್ ಸ್ಕೀಯಲ್ಲಿ ಮೂರು ಥರದ್ದು ಹಾಕಿ ನೋಡಿದೆ. ದುಡ್ಡು ಕೊಟ್ಟು ಕೊಂಡದ್ದು ಮಧ್ಯಮ ಅಗಲದ್ದನ್ನು. ಇಡೀ ಸೀಸನ್ ಅದರ ಮೇಲೇ ಕಳೆದೆ, ಈಗಲೂ ಅದೇ. ಹಾಗಾಗಿ ಇದನ್ನು ಪಕ್ಷಪಾತ ಇಲ್ಲದ ಹೋಲಿಕೆ ಅಂತ ಓದಬೇಡಿ. ಉಳಿದೆರಡು ನನಗೆ ಯಾಕೆ ಬೇಡವಾದವು ಅನ್ನುವುದೇ ಇಲ್ಲಿ ಜಾಸ್ತಿ ಇದೆ.

ಅಗಲದ್ದು ಬೋಟಿನಲ್ಲಿ ಎಲ್ಲರಿಗೂ ಅಂತ ಸದಾ ಇಟ್ಟಿರುವ ಹಲಗೆ. ಕಿರಿದಾದದ್ದು ಸ್ಪರ್ಧೆಗೆ ಮಾಡಿದ ಕಾರ್ಬನ್ ಸ್ಕೀ. ಜೊತೆಗೆ ಸ್ಕೀ ಮಾಡುವವರೊಬ್ಬರು, "ಇದನ್ನೇ ತಗೊಳ್ಳಿ, ಬೇರೆದರಲ್ಲಿ ಕಲಿಕೆ ನಿಂತುಹೋಗುತ್ತೆ" ಅಂತ ಒತ್ತಾಯ ಮಾಡಿ ಕೆಲವು ವಾರ ಕೊಟ್ಟಿದ್ದರು. ಅವರು ಗಂಟೆಗೆ 55 ಕಿ.ಮೀ. ವೇಗದಲ್ಲಿ ಆರಾಮಾಗಿ ಕೋರ್ಸ್ (ನೀರಿನಲ್ಲಿ ತೇಲುವ ಆರು ಬಾಲ್‌ಗಳನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುತ್ತಿ ಸಾಗುವ ದಾರಿ) ಮುಗಿಸುವವರು. ನಾನು ಅಲ್ಲಿಲ್ಲ.

ನಾನೆಲ್ಲಿದ್ದೇನೆ ಅಂದರೆ: ತೂಕ 80 ಕಿಲೋ ಆಸುಪಾಸು, ಬೋಟಿನ ವೇಗ ಗಂಟೆಗೆ 46ರಿಂದ 49 ಕಿ.ಮೀ., ಹಗ್ಗ 18.25 ಮೀಟರ್. ಒಳ್ಳೆಯ ದಿನ ಕೋರ್ಸಿನ ಆರೂ ಬಾಲ್ ಸುತ್ತುತ್ತೇನೆ. ಕೆಟ್ಟ ದಿನ ಮೂರನೆಯದರ ಹತ್ತಿರ ಹಗ್ಗ ಕೈಬಿಡುತ್ತದೆ. ಅರ್ಧ ಹೊತ್ತು ಕೋರ್ಸೇ ಇಲ್ಲದ ತೆರೆದ ನೀರಿನಲ್ಲಿ ಸುಮ್ನೆ ಆ ಕಡೆ ಈ ಕಡೆ ಅಲೆ ದಾಟುವ ಖುಷಿ. ಮುಂದಿನ ಮಾತೆಲ್ಲ ಈ ಮಟ್ಟದಿಂದ ನೋಡಿ ಹೇಳಿದ್ದು. ನಿಮ್ಮ ವೇಗ ಬೇರೆ ಇದ್ದರೆ ಉತ್ತರವೂ ಬೇರೆ ಬರಬಹುದು.

ಅಗಲದ ಹಲಗೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಯಾಕಂದರೆ ದೂರು ಕಡಿಮೆ. ನೀರಿನಿಂದ ಎದ್ದು ನಿಲ್ಲುವುದು ಇದರಲ್ಲಿ ಎಷ್ಟು ಸಲೀಸು ಅಂದರೆ, ಎರಡು ಸ್ಕೀಯಿಂದ ಒಂದಕ್ಕೆ ಬರುತ್ತಿರುವವರಿಗೆ ನಾನು ಬೇರೆ ಯಾವುದನ್ನೂ ಹೇಳುವುದಿಲ್ಲ. ಬೋಟು 40 ದಾಟುವ ಮೊದಲೇ ಹಲಗೆ ನೀರಿನ ಮೇಲೆ ಬಂದು ಕೂತಿರುತ್ತದೆ. ಡ್ರೈವರ್ ಜೋರಾಗಿ ಎಳೆಯಬೇಕಿಲ್ಲ, ಕೈ ಸೋಲುವುದಿಲ್ಲ. ಸ್ವಲ್ಪ ಹಿಂದಕ್ಕೆ ವಾಲಿದರೂ ಕ್ಷಮಿಸುತ್ತದೆ.

ತೊಂದರೆ ಶುರುವಾಗುವುದು 49ರ ಮೇಲೆ. ಅಗಲ ಜಾಸ್ತಿ ಇರುವುದರಿಂದ ಹಲಗೆ ನೀರಿನಲ್ಲಿ ತೀರಾ ಮೇಲೆ ಓಡುತ್ತದೆ. ಅಂಚಿನ ಮೇಲೆ ನಿಲ್ಲಿಸಲು ಮೈಭಾರವನ್ನೆಲ್ಲ ಹಾಕಬೇಕು. ಬೋಟಿನ ಅಲೆ ಸಿಕ್ಕಾಗ ಕತ್ತರಿಸಿಕೊಂಡು ಹೋಗುವ ಬದಲು ಅದರ ಮೇಲೆ ಟಕಟಕ ಕುಣಿಯುತ್ತದೆ. ತಿರುವೂ ದೊಡ್ಡದು: ಬಾಲ್ ದಾಟಿ ಎಷ್ಟೋ ಹೊತ್ತಿನ ಮೇಲೆ ಹಲಗೆಯ ಮೂತಿ ಒಳಕ್ಕೆ ತಿರುಗುತ್ತದೆ. ಕೋರ್ಸಿನ ಆಸೆ ಇಲ್ಲದವರಿಗೆ ಇದರಿಂದ ಏನೂ ನಷ್ಟವಿಲ್ಲ. ನನಗೆ ಕೋರ್ಸಿನ ಚಟ ಇದೆ, ಹಾಗಾಗಿ ಇದನ್ನು ಬಿಟ್ಟೆ.

ಈಗ ಕಿರಿದಾದದ್ದು. ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು, ಯಾಕಂದರೆ ಹೆಚ್ಚಿನವರು ಇದರ ಹೊಳಪಿಗೇ ಮರುಳಾಗುತ್ತಾರೆ.

ಕೈಯಲ್ಲಿ ಹಿಡಿದರೆ ಮಧ್ಯದ್ದಕ್ಕೂ ಇದಕ್ಕೂ ಅಗಲದಲ್ಲಿ ಒಂದು ಇಂಚಿನ ವ್ಯತ್ಯಾಸವೂ ಇಲ್ಲ. ಇಷ್ಟಕ್ಕೆ ಏನಾಗುತ್ತೆ ಅಂತ ಯಾರಿಗಾದರೂ ಅನ್ನಿಸುತ್ತದೆ. ನೀರಿಗಿಳಿದ ಮೇಲೆ ಗೊತ್ತಾಗುವುದೇ ಬೇರೆ. ಮೊಣಕಾಲು ಎದೆಗೊತ್ತಿ, ಹಲಗೆಯ ಮೂತಿ ನೀರಿನಿಂದ ಮೇಲಿಟ್ಟು, ಬೋಟು ಎಳೆಯಲಿ ಅಂತ ಕೂತಿರುತ್ತೇವೆ. ಎಳೆತ ಶುರುವಾದ ಮೇಲೂ ಇದು ಏಳುವುದೇ ಇಲ್ಲ. ನೀರು ಎದೆಗೆ ರಾಚುತ್ತಲೇ ಇರುತ್ತದೆ, ಹಲಗೆ ಎಡಕ್ಕೆ ಬಲಕ್ಕೆ ಓಲಾಡುತ್ತದೆ, ಮುಂಗೈ ಉರಿಯಲು ಶುರುವಾಗುತ್ತದೆ. ಕೊನೆಗೆ ಎದ್ದು ನಿಂತಾಗ ಹಿಡಿತದ ಅರ್ಧ ಶಕ್ತಿ ಆಗಲೇ ಖರ್ಚಾಗಿರುತ್ತದೆ. ಬೆಳಿಗ್ಗೆ ಮೊದಲ ಸುತ್ತಿಗೆ ಇದನ್ನು ತಡೆದುಕೊಳ್ಳಬಹುದು. ಎರಡು ಸಲ ಬಿದ್ದು ಮೂರನೇ ಸಲ ಏಳುವಾಗ ಬೆರಳುಗಳು ಮಾತು ಕೇಳುವುದಿಲ್ಲ.

ಇದಕ್ಕೂ ದೊಡ್ಡ ಕಿರಿಕಿರಿ ತಿರುವಿನಲ್ಲಿದೆ. ನನ್ನನ್ನು ನಿಜಕ್ಕೂ ಕಾಡಿದ್ದು ಇದೇ.

ಬಾಲ್ ಹತ್ತಿರ ಬಂದು ವೇಗ ಇಳಿಸಿ ತಿರುಗುತ್ತೇವೆ ಅಲ್ವಾ, ಆ ಗಳಿಗೆಯಲ್ಲಿ ಹಲಗೆ ಅತ್ಯಂತ ನಿಧಾನವಾಗಿರುತ್ತದೆ. ಅಗಲ ಸಾಲದ ಹಲಗೆ ಆಗ ಬಾಲದ, ಅಂದರೆ ಹಿಂತುದಿಯ, ಕಡೆಯಿಂದ ಕೆಳಕ್ಕೆ ಕೂರುತ್ತದೆ. ಪಾದದ ಕೆಳಗೆ ಅದು ಸ್ಪಷ್ಟವಾಗಿ ಗೊತ್ತಾಗುತ್ತದೆ: ಹಿಂಗಾಲು ತಗ್ಗುತ್ತದೆ, ಮೂತಿ ಮೇಲೇಳುತ್ತದೆ, ಸ್ಕೀ ನಿಂತೇಬಿಟ್ಟ ಹಾಗೆ. ಬೋಟು ಮಾತ್ರ ನಿಲ್ಲುವುದಿಲ್ಲ. ಹಗ್ಗ ಒಂದು ಕ್ಷಣ ಸಡಿಲವಾಗಿ ನೀರಿಗೆ ತಾಗುತ್ತದೆ. ಆಮೇಲೆ ಒಮ್ಮೆಗೇ ಬಿಗಿಯುತ್ತದೆ. ಆ ಜಗ್ಗು ಮೊದಲು ಭುಜಕ್ಕೆ, ಆಮೇಲೆ ಸೊಂಟಕ್ಕೆ ಬರುತ್ತದೆ. ಎರಡೂ ತಡೆದುಕೊಂಡು ನಿಂತರೂ ಅಷ್ಟು ಹೊತ್ತಿಗೆ ತಡವಾಗಿರುತ್ತದೆ, ಮುಂದಿನ ಬಾಲ್‌ಗೆ ತಲುಪುವುದು ಕನಸು. ನನಗೆ ಎರಡು ಪಕ್ಕದಲ್ಲಿ ಒಂದು ಪಕ್ಕದ ತಿರುವು ಮೊದಲಿನಿಂದಲೂ ಸ್ವಲ್ಪ ಹೆದರಿಕೆಯದು. ಆ ಪಕ್ಕದಲ್ಲಿ ಹೀಗಾಗದೆ ಇದ್ದ ಸುತ್ತೇ ಅಪರೂಪ.

ಹಲಗೆ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಲೆಕ್ಕ ಸರಳ. ನೀರು ಹಲಗೆಯನ್ನು ಮೇಲೆತ್ತುವ ಬಲ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. ಅದೇ ಹಲಗೆ, ಅದೇ ಕೋನ ಇಟ್ಟುಕೊಂಡರೆ, 58 ಕಿ.ಮೀ.ನಲ್ಲಿ ಸಿಗುವ ಬಲದ ಮೂರರಲ್ಲಿ ಎರಡು ಪಾಲೂ 46ರಲ್ಲಿ ಸಿಗುವುದಿಲ್ಲ. ನನ್ನ 80 ಕಿಲೋ ಮಾತ್ರ ಎರಡೂ ಕಡೆ 80 ಕಿಲೋನೇ. ಕಡಿಮೆ ಬಿದ್ದದ್ದನ್ನು ಹಲಗೆ ಇನ್ನಷ್ಟು ಮುಳುಗಿ, ಮೂತಿ ಇನ್ನಷ್ಟು ಎತ್ತಿ ತುಂಬಿಕೊಳ್ಳಬೇಕು. ಅಂದರೆ ಅಡ್ಡ ಬರುವ ನೀರು ಜಾಸ್ತಿ, ಎಳೆತ ಜಾಸ್ತಿ. ಸ್ಪರ್ಧೆಯಲ್ಲಿ ಗಂಡಸರಿಗೆ ಗರಿಷ್ಠ ವೇಗ 58, ಹೆಂಗಸರಿಗೆ 55. ಈ ಸ್ಕೀಗಳನ್ನು ಆ ವೇಗದ ಸುತ್ತಲೇ ರೂಪಿಸುತ್ತಾರೆ. ಅಲ್ಲಿ 259 ಮೀಟರ್ ಕೋರ್ಸ್ 16 ಸೆಕೆಂಡಿನಲ್ಲಿ ಮುಗಿಯುತ್ತದೆ. ನನ್ನ 46ರಲ್ಲಿ 20 ಸೆಕೆಂಡ್ ಹಿಡಿಯುತ್ತದೆ.

ಇನ್ನೊಂದು ವಿಷಯ. ಬಾಲ್‌ಗಳು ಬೋಟು ಓಡುವ ನಡುಗೆರೆಯಿಂದ 11.5 ಮೀಟರ್ ದೂರ. ಕೋರ್ಸನ್ನು ಇನ್ನಷ್ಟು ಕಷ್ಟ ಮಾಡಿಕೊಳ್ಳಲು ಹಗ್ಗವನ್ನು 11.25 ಮೀಟರಿಗೆ ಇಳಿಸುವವರಿಗೆ ಹಗ್ಗಕ್ಕಿಂತ ಬಾಲ್ ದೂರ ಇರುತ್ತದೆ. ಮೈಯನ್ನೇ ಚಾಚಿ ಮುಟ್ಟಬೇಕು. ಅಂಥವರಿಗೆ ಬಾಲ್ ಸುತ್ತ ಚಕ್ಕನೆ ತಿರುಗುವ ಹಲಗೆ ಬೇಕೇ ಬೇಕು. ನನ್ನ ಹಗ್ಗ 18.25. ಇಷ್ಟುದ್ದದ ಹಗ್ಗದಲ್ಲಿ ಬಾಲ್ ಆಚೆ ತಲುಪುವುದು ಸಮಸ್ಯೆಯೇ ಅಲ್ಲ, ತಿರುಗಿದ ಮೇಲೆ ಹಗ್ಗ ಸಡಿಲವಾಗದ ಹಾಗೆ ನೋಡಿಕೊಳ್ಳುವುದೇ ಸಮಸ್ಯೆ. ಕಿರಿದಾದ ಸ್ಕೀ ನನಗಿಲ್ಲದ ಕಷ್ಟಕ್ಕೆ ಮದ್ದು ಕೊಟ್ಟು, ಇರುವ ಕಷ್ಟವನ್ನು ಜಾಸ್ತಿ ಮಾಡುತ್ತಿತ್ತು.

ಇದರ ಪರವಾಗಿಯೂ ಒಂದು ಮಾತು ಹೇಳಬೇಕು. ಒಂದು ಸಲ ಡ್ರೈವರ್‌ಗೆ 52 ಹಾಕಿ ಅಂದೆ. ಎರಡು ಬಾಲ್ ಮಟ್ಟಿಗೆ ಹಲಗೆ ಕಾಲಿನ ಕೆಳಗೆ ಜೀವ ಬಂದ ಹಾಗೆ ಓಡಿತು. ಅಂಚಿನಿಂದ ಅಂಚಿಗೆ ಹೊರಳುವುದು ಯೋಚನೆ ಮಾಡುವಷ್ಟರಲ್ಲಿ ಆಗಿಹೋಗುತ್ತಿತ್ತು. ಮೂರನೆಯದಕ್ಕೆ ನಾನೇ ಹಿಂದೆ ಬಿದ್ದೆ. ಇದು ಯಾರಿಗೆ ಮಾಡಿದ ಹಲಗೆ ಅನ್ನುವುದು ಆ ಎರಡು ಬಾಲ್‌ನಲ್ಲೇ ಅರ್ಥವಾಯಿತು.

ಮಧ್ಯದ್ದು ನಾನು ತೆಗೆದುಕೊಂಡದ್ದು 67 ಇಂಚಿನದು. ರಾಡಾರ್ ಕಂಪನಿಯ ಸೆನೆಟ್, ಎಚ್‌ಒ ಕಂಪನಿಯ ಓಮ್ನಿ ಬರುವ ವರ್ಗ ಅಂದರೆ ಗೊತ್ತಿರುವವರಿಗೆ ತಿಳಿಯುತ್ತದೆ. ಏಳುವುದು ಅಗಲದ್ದರಷ್ಟು ಸುಲಭವಿಲ್ಲ, ಆದರೆ ಕೈ ಉಳಿಯುತ್ತದೆ. ತಿರುವಿನಲ್ಲಿ ಬಾಲ ಕೂರುವುದಿಲ್ಲ. ನಾನು ಸ್ವಲ್ಪ ಬೇಗ ತಿರುಗಿಸಿದರೂ, ಸ್ವಲ್ಪ ಹಿಂದೆ ನಿಂತರೂ ಹಲಗೆ ಓಡುತ್ತಲೇ ಇರುತ್ತದೆ, ಹಗ್ಗ ಬಿಗಿಯಾಗಿಯೇ ಕೈಗೆ ಬರುತ್ತದೆ. ಹೆದರಿಕೆಯ ಪಕ್ಕದ ತಿರುವು ಈಗಲೂ ಚೆಂದವಿಲ್ಲ. ಆದರೆ ಜಗ್ಗು ಇಲ್ಲ, ಹಾಗಾಗಿ ಅದನ್ನು ತಿದ್ದಿಕೊಳ್ಳಲು ಧೈರ್ಯ ಬರುತ್ತದೆ. ಜಗ್ಗು ಬರುತ್ತದೆ ಅಂತ ಗೊತ್ತಿದ್ದರೆ ಮೈ ತಾನೇ ಹಿಂದಕ್ಕೆ ಸರಿಯುತ್ತದೆ, ಹಿಂದಕ್ಕೆ ಸರಿದರೆ ಬಾಲ ಇನ್ನೂ ಕೂರುತ್ತದೆ. ಆ ಸುಳಿಯಿಂದ ಆಚೆ ಬಂದದ್ದೇ ನನಗೆ ದೊಡ್ಡ ಲಾಭ.

ಕಾರ್ಬನ್ನಾ, ಫೈಬರ್‌ಗ್ಲಾಸಾ? ನನ್ನ ವೇಗದಲ್ಲಿ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ. ತುಸು ಬಾಗುವ ಹಲಗೆ ತಪ್ಪನ್ನು ನುಂಗಿಕೊಳ್ಳುತ್ತದೆ. ಪೂರ್ತಿ ಕಾರ್ಬನ್ನಿನ ಬಿಗಿ ಹಲಗೆ ನೀರಿನ ಒಂದೊಂದು ಸುಕ್ಕನ್ನೂ ಮೊಣಕಾಲಿಗೆ ವರದಿ ಮಾಡುತ್ತದೆ.

ಅಂಚಿನ ಆಕಾರ ಮಾತ್ರ ಗಮನಿಸಿ. ಚೂಪು ಅಂಚಿನದು ನೀರಿನ ಮೇಲೆ ಎತ್ತರದಲ್ಲಿ, ವೇಗವಾಗಿ ಓಡುತ್ತದೆ. ದುಂಡಗಿನದು ಸ್ವಲ್ಪ ಒಳಗೆ ಕೂತು ಸುಲಭವಾಗಿ ವಾಲುತ್ತದೆ.

ಫಿನ್, ಅಂದರೆ ಬಾಲದ ಕೆಳಗೆ ನೀರಿಗಿಳಿಯುವ ಅಲಗಿನ ವಿಷಯದಲ್ಲಿ ಕಿರಿದಾದ ಸ್ಕೀ ಇನ್ನೊಂದು ತಲೆನೋವು. ಅದರ ಮಾಲೀಕರು ಕೊಡುವಾಗಲೇ ಕ್ಯಾಲಿಪರ್ (ಸೂಕ್ಷ್ಮವಾಗಿ ಅಳೆಯುವ ಉಪಕರಣ) ಒಂದನ್ನೂ ಜೊತೆಗೆ ಕೊಟ್ಟರು. ಫಿನ್ನಿನ ಆಳ, ಉದ್ದ, ಬಾಲದ ತುದಿಯಿಂದ ಅದಕ್ಕಿರುವ ದೂರ, ಈ ಮೂರನ್ನೂ ಇಂಚಿನ ಸಾವಿರದ ಭಾಗದಲ್ಲಿ ಅಳೆಯುತ್ತಾರೆ. ಅಷ್ಟು ಸಣ್ಣ ಬದಲಾವಣೆಗೇ ಆ ಹಲಗೆಯ ನಡತೆ ಬದಲಾಗುತ್ತದೆ. ಆಳ ಕಡಿಮೆ ಮಾಡಿದರೆ ಬಾಲ ಜಾರುತ್ತದೆ, ಜಾಸ್ತಿ ಮಾಡಿದರೆ ಹಿಡಿದುಕೊಳ್ಳುತ್ತದೆ. ಫಿನ್ನಿಗೆ ಅಡ್ಡಲಾಗಿ ಕೂರಿಸುವ ಪುಟ್ಟ ರೆಕ್ಕೆ ಬಾಲ್ ಹತ್ತಿರ ವೇಗ ತಗ್ಗಿಸಲಿಕ್ಕೆ. ಕೆಳಮುಖವಾಗಿ 7ರಿಂದ 9 ಡಿಗ್ರಿ ಇಡುವುದು ರೂಢಿ. ಇದನ್ನೆಲ್ಲ ತಿರುಗಿಸುತ್ತಾ ಕೂರುವುದರಲ್ಲಿ ಖುಷಿ ಕಾಣುವವರಿದ್ದಾರೆ. ನಾನು ಸ್ಪ್ಯಾನರ್ ಹಿಡಿಯಲು ನೀರಿಗೆ ಹೋಗುವುದಿಲ್ಲ. ಮಧ್ಯದ್ದರಲ್ಲಿ ಕಂಪನಿ ಕೂರಿಸಿದ ಅಳತೆಯನ್ನು ಈವರೆಗೆ ಮುಟ್ಟಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾತ್ರ ಮೊದಲು ಆ ಅಳತೆಗೆ ವಾಪಸ್ ತಂದು ಆಮೇಲೆ ಹಲಗೆ ಹೇಗಿದೆ ಅಂತ ಹೇಳಿ. ಹಿಂದಿನವರು ತಮ್ಮ ಶೈಲಿಗೆ ಸರಿಸಿಕೊಂಡಿದ್ದರೆ ನಿಮಗೆ ಬೇರೆಯದೇ ಸ್ಕೀ ಸಿಕ್ಕ ಹಾಗೆ.

ಬೂಟು: ಮುಂದೆ ಪೂರ್ತಿ ಬೂಟು, ಹಿಂದೆ ಬೆರಳು ತೂರಿಸುವ ಪಟ್ಟಿ, ಇದೇ ನನಗೆ ಹಿಡಿಸಿತು. ನೀರಿನಿಂದ ಏಳುವಾಗ ಹಿಂಗಾಲನ್ನು ಹೊರಗೆ ಬಿಟ್ಟು ಚುಕ್ಕಾಣಿ ಥರ ಎಳೆದುಕೊಂಡು, ಎದ್ದ ಮೇಲೆ ತೂರಿಸಬಹುದು. ಎರಡೂ ಕಾಲಿಗೆ ಬೂಟು ಇದ್ದರೆ ಹಿಡಿತ ಜಾಸ್ತಿ, ಆದರೆ ಬೀಳುವಾಗ ಒಂದೇ ಕಾಲು ಕಳಚಿಕೊಂಡರೆ ಉಳಿದ ಕಾಲಿನ ಪಾದದ ಕೀಲು ತಿರುಚುವ ಭಯ ಇರುತ್ತದೆ. ಯಾವುದೇ ಆಗಲಿ, ಅಂಗಡಿಯಲ್ಲಿ ಒಣಗಾಲಿನಲ್ಲಿ ಆರಾಮಾಗಿ ಅನ್ನಿಸಿದ ಬೂಟು ನೀರಿನಲ್ಲಿ ಸಡಿಲವಾಗುತ್ತದೆ. ಒಂದು ಚೂರು ಬಿಗಿಯಾಗಿಯೇ ತೆಗೆದುಕೊಳ್ಳಿ.

ದುಡ್ಡಿನ ಮಾತು. ಸ್ಪರ್ಧೆಯ ಕಾರ್ಬನ್ ಹಲಗೆ ಒಂದರ ಬೆಲೆಗೆ ಸುಮಾರಾಗಿ ಮಧ್ಯದ ಹಲಗೆ, ಒಳ್ಳೆಯ ಬೂಟು ಎರಡೂ ಬಂದು, ಪೆಟ್ರೋಲಿಗೂ ಸ್ವಲ್ಪ ಮಿಗುತ್ತದೆ. ನನಗೆ ಒಂದೇ ಸ್ಕೀ ಸಾಕು, ಅದೂ ತೆರೆದ ನೀರಿಗೂ ಕೋರ್ಸಿಗೂ ಆಗಬೇಕು. ವರ್ಷ ವರ್ಷ ಬದಲಾಯಿಸುವವನೂ ಅಲ್ಲ. ಮಿಕ್ಕ ದುಡ್ಡನ್ನು ಬೋಟಿನ ಹಿಂದೆ ಕಳೆಯುವುದೇ ನನಗಿಷ್ಟ.

ಕೊಳ್ಳುವವರು ನನ್ನನ್ನು ಕೇಳಿದರೆ ಮೊದಲು ಕೇಳುವುದು ವೇಗ. ಅದೂ ದಿನದ ಕೊನೆಯ ಸುತ್ತಿನ ವೇಗ: ಕೈ ಸೋತಿರುವಾಗ, ಅಲೆ ಎದ್ದಿರುವಾಗ, ಎಷ್ಟರಲ್ಲಿ ನೆಟ್ಟಗೆ ನಿಲ್ಲುತ್ತೀರಿ? ಬೆಳಿಗ್ಗೆ ಗಾಜಿನಂಥ ನೀರಿನಲ್ಲಿ ಒಮ್ಮೆ 52 ಮುಟ್ಟಿದ್ದನ್ನು ಹಿಡಿದು ಹಲಗೆ ಆರಿಸಬೇಡಿ. 43ರ ಕೆಳಗೆ ಅಂದರೆ ಅಗಲದ್ದು. 43ರಿಂದ 52ರ ಒಳಗೆ ಅಂದರೆ ಕಣ್ಣು ಮುಚ್ಚಿ ಮಧ್ಯದ್ದು. 55ರಲ್ಲಿ ಸತತವಾಗಿ ಆರೂ ಬಾಲ್ ಸುತ್ತಿ, ಹಗ್ಗ ಕಡಿಮೆ ಮಾಡುತ್ತಿದ್ದರೆ ಕಿರಿದಾದದ್ದು, ಮತ್ತೆ ಆಗ ನಿಮಗೆ ನನ್ನ ಸಲಹೆ ಬೇಕಿರುವುದಿಲ್ಲ. ನಿಮ್ಮ ತೂಕ ಎರಡು ಸೈಜಿನ ನಡುವೆ ಬಿದ್ದರೆ ಉದ್ದದ್ದನ್ನೇ ಎತ್ತಿಕೊಳ್ಳಿ.

ಕಿರಿದಾದದ್ದನ್ನು ಅವರಿಗೆ ವಾಪಸ್ ಕೊಟ್ಟೆ, ಕ್ಯಾಲಿಪರ್ ಸಮೇತ. ಇನ್ನೂ ಸ್ವಲ್ಪ ದಿನ ಇಟ್ಟುಕೊಂಡಿದ್ದರೆ ಒಗ್ಗುತ್ತಿತ್ತು ಅನ್ನುವುದು ಅವರ ವಾದ. ಇರಬಹುದು. ಅಗಲದ್ದು ಬೋಟಿನಲ್ಲೇ ಇದೆ, ಹೊಸಬರು ಬಂದಾಗ ಅದೇ ಮೊದಲು ಹೊರಗೆ ಬರುವುದು. ನಾನು 52ರಲ್ಲಿ ಗಟ್ಟಿಯಾಗಿ ನಿಂತ ದಿನ ಇದೇ ಅಗಲದಲ್ಲಿ ಸ್ವಲ್ಪ ಬಿಗಿಯಾದ ಹಲಗೆ ಹುಡುಕುತ್ತೇನೆ. ಅಲ್ಲಿಯವರೆಗೆ ಹೊಸದರ ಯೋಚನೆ ಇಲ್ಲ.